ತಳದ ಹಣ್ಣು

ಕೋಲಾರದ ಟೊಮೇಟೊ ಮಂಡಿಯಲ್ಲಿ
ಮೂವತ್ತೊಂದು ವರ್ಷದಿಂದ ಲೆಕ್ಕ ಬರೆಯುವವನು ನಾನು.
ಹದಿನೈದು ಕೇಜಿ ಬಾಕ್ಸು. ಮೇಲಿನ ಸಾಲಿನ ಹೊಳಪು
ನನ್ನನ್ನು ಯಾಮಾರಿಸದು.
ತಳಕ್ಕೆ ಕೈಹಾಕಿ ತೆಗೆದು ತೋರಿಸುತ್ತೇನೆ
ಬಿರಿದದ್ದು, ಮೆತ್ತಗಾದದ್ದು, ಹುಳು ಕೊರೆದದ್ದು.
"ನಿನ್ನ ಬೆರಳಿಗೆ ಕಣ್ಣಿದೆ ಕಣಯ್ಯ, ಮುನಿಶಾಮಿ"
ಅಂತಾರೆ ಯಜಮಾನರು, ಕಲೀಮುಲ್ಲಾ ಸಾಬರು.

ಅದೇ ಬೆರಳಿಗೆ ಸೂಜಿ ಚುಚ್ಚಿದಳು
ಹೇಳದೆ ಕೇಳದೆ ಮಂಡಿ ಬಾಗಿಲಿಗೇ ಬಂದ ಎಸ್ತರ್ ಸಿಸ್ಟರು.
ಒಂದು ಹನಿ. ಹಣ್ಣಿನ ಬಣ್ಣದ್ದೇ.
ಐದೆಣಿಸುವಷ್ಟರಲ್ಲಿ ಪುಟ್ಟ ಯಂತ್ರ ದರ ಕೂಗಿತು:
ಇನ್ನೂರ ಎಂಬತ್ತಾರು.
ಹರಾಜಲ್ಲಿ ಇಷ್ಟು ಬಂದಿದ್ದರೆ
ಬೆಳೆದವನು ಸಿಳ್ಳೆ ಹಾಕುತ್ತಿದ್ದ.

"ಸಕ್ಕರೆ ಬಿಟ್ಟು ನಾಲ್ಕು ವರ್ಷ ಆಯಿತಮ್ಮ" ಅಂದೆ,
"ಮದುವೆಮನೆ ಹೋಳಿಗೆ ಎಲೆ ಅಂಚಲ್ಲೇ ಬಿಟ್ಟು ಏಳ್ತೀನಿ."
ನಿಜವೇ. ಹೇಳದೆ ಉಳಿಸಿಕೊಂಡದ್ದೂ ಇತ್ತು:
ಆಸ್ಪತ್ರೆಗೆ ಹೋಗುವ ವಾರ ಮಾತ್ರ
ಸೊಪ್ಪು, ಒಂದೇ ಮುದ್ದೆ, ಕೆರೆ ಕಟ್ಟೆ ಮೇಲೆ ಎರಡು ಸುತ್ತು.
ಚೆಂದದ ನಾಲ್ಕು ದಿನ ಆರಿಸಿ ಮೇಲೆ ಜೋಡಿಸಿ
ಹೊತ್ತುಕೊಂಡು ಹೋಗುತ್ತಿದ್ದೆ ನನ್ನ ಬಾಕ್ಸನ್ನು.

ಸಿಸ್ಟರು ನಕ್ಕಳು. "ಇದು ಇವತ್ತಿನ ರೇಟು ಅಷ್ಟೇ ಅಣ್ಣ.
ಇನ್ನೊಂದು ಟೆಸ್ಟಿದೆ, ಮೂರು ತಿಂಗಳದ್ದು ಒಟ್ಟಿಗೆ ಹೇಳತ್ತೆ."
ಯಾರೋ ಬಾಕ್ಸು ಮಗುಚಿ
ಸಿಮೆಂಟು ನೆಲಕ್ಕೆ ಸುರಿದ ಹಾಗಾಯಿತು.

ಮನೆಯಲ್ಲಿ ಮೊಮ್ಮಗಳು ಲಿಖಿತ
ಡಬ್ಬ ಪೊಟ್ಟಣಗಳನ್ನೆಲ್ಲ ನಡುಮನೆಗೆ ಹರಡಿ
ಫೋನಲ್ಲಿ ಹಿಗ್ಗಿಸಿ ಇರುವೆಯಕ್ಷರ ಓದಿದಳು.
ಉಪ್ಪು ಬಿಸ್ಕತ್ತಲ್ಲಿ ಇನ್ವರ್ಟ್ ಸಿರಪ್ಪು.
ಸಕ್ಕರೆಯೇ ಇಲ್ಲವೆಂದು ಆಣೆಯಿಡುವ ರಾಗಿ ಮಾಲ್ಟಲ್ಲಿ
ಮಾಲ್ಟೋಡೆಕ್ಸ್‌ಟ್ರಿನ್ನು.
ಬ್ರೆಡ್ಡಲ್ಲಿ, ಖಾರಾ ಬನ್ನಲ್ಲಿ, ಕೆಮ್ಮಿನ ಟಾನಿಕ್ಕಲ್ಲಿ
ಡೆಕ್ಸ್‌ಟ್ರೋಸು, ಗ್ಲೂಕೋಸು, ಇನ್ನೂ ಏನೇನೋ.
"ಯಾರೇ ಇವರೆಲ್ಲ?"
"ಎಲ್ಲಾ ಒಬ್ಬನೇ, ತಾತ."

ಓ, ಈ ವ್ಯವಹಾರ ನನಗೆ ಗೊತ್ತು!
ಸೆಸ್ಸು ತಪ್ಪಿಸಲು ಬಾಮೈದನ ಹೆಸರಲ್ಲಿ, ಸತ್ತ ಅತ್ತೆಯ ಹೆಸರಲ್ಲಿ,
ಹಾಲು ಕುಡಿಯೋ ಮಗುವಿನ ಹೆಸರಲ್ಲಿ ಲೈಸೆನ್ಸು.
ಬೇನಾಮಿ. ಹೆಸರು ಐದು, ಅಂಗಡಿ ಒಂದು.

ಕೊನೆಗೆ ಸಾಸಿನ ಬಾಟಲು.
ನಮ್ಮದೇ ಹಣ್ಣಿರಬೇಕು. ಎರಡನೇ ದರ್ಜೆ ಅಂತ
ನಾನೇ ಚೀಟಿ ಬರೆದು ಲಾರಿ ಹತ್ತಿಸಿದ್ದು.
ಹುಳಿಯಾಗಿ ಊರು ಬಿಟ್ಟದ್ದು
ಯಾರದೋ ಸಿಹಿ ಕುಡಿದು, ಗಾಜಿನ ಅಂಗಿ ತೊಟ್ಟು
ನೆಂಟನ ಹಾಗೆ ತಿರುಗಿ ಬಂದಿದೆ.
ತರಕಾರಿ ತಾನೆ ಎಂದು
ಚಪಾತಿಗೆಲ್ಲ ಸುರಿದುಕೊಂಡಿದ್ದೇನೆ.

ಅಷ್ಟೊತ್ತು ಒಲೆ ಬಳಿ ಸುಮ್ಮನಿದ್ದ ಗಂಗರತ್ನ
ಸೌಟು ಕೆಳಗಿಟ್ಟು, ಗೋಡೆಗೆ ಹೇಳುವಂತೆ ಹೇಳಿದಳು:
"ಸಾರಿಗೆ ಒಂದು ಗೋಲಿ ಬೆಲ್ಲ ಹಾಕ್ತೀನಿ. ದಿನಾ.
ಮದುವೆಯಾದ ವರ್ಷ ಹುಳಿ ಅಂತ
ತಟ್ಟೆ ತಳ್ಳಿದ್ರಿ ನೀವು."

ನೆನಪಿಲ್ಲ ನನಗೆ. ಯಾವ ಪುಸ್ತಕದಲ್ಲೂ ಬರೆದಿಲ್ಲ.
ಮೂವತ್ತಮೂರು ವರ್ಷ, ದಿನಕ್ಕೊಂದು ಗೋಲಿ…
ಗುಣಿಸಲು ಹೋಗಿ ಅರ್ಧಕ್ಕೆ ಬಿಟ್ಟೆ.
ಯಾರ ಬಾಬ್ತಿಗೆ ಹಾಕುವುದು ಇದನ್ನು?

ಅವತ್ತಿನ ಸಾರು ಬೆಲ್ಲವಿಲ್ಲದೆ ಬಂತು.
ಮುದ್ದೆ ಮುರಿದು ಅದ್ದಿ ನುಂಗಿದೆ.
ಕಿವಿಯ ಹಿಂದೆ ಜುಮ್ಮೆಂದಿತು,
ಒಂದು ಕಣ್ಣು ತಾನಾಗಿ ಮುಚ್ಚಿತು, ಲಿಖಿತ ಕಿಸಕ್ಕೆಂದಳು.
ಎಷ್ಟು ಲಕ್ಷ ಬಾಕ್ಸು ಬರೆದಿರಬಹುದು ಈ ಕೈ,
ನಾಲಿಗೆಗೆ ಹಣ್ಣಿನ ಗುರುತೇ ಇರಲಿಲ್ಲ.

ಗಂಗರತ್ನ ನನ್ನ ಮುಖವನ್ನೇ ನೋಡುತ್ತಿದ್ದಳು.
ತಟ್ಟೆ ತಳ್ಳಿದೆ,
ಅವಳ ಕಡೆಗೆ.
ಇನ್ನೊಂದು ಸೌಟು.